ಪಾಲಕ್ ರಸದಲ್ಲಿ ಉಂಗುರದ ಹರಳು ಬದಲಿಸುವುದು ಹೇಗೆ

ವಿಜಯಪುರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿಸುವುದು ನನ್ನ ಕೆಲಸ. ಪಾರ್ಫಿರಿನ್ ಪಾಠ ಬಂತೆಂದರೆ ಹುಡುಗರ ಮುಖ ಬಾಡುತ್ತದೆ. ಬೋರ್ಡಿನ ಮೇಲೆ ನಾಲ್ಕು ನೈಟ್ರೋಜನ್ ಇರುವ ಉಂಗುರ, ನಡುವೆ ಒಂದು ಲೋಹ, ಇನ್ನೇನಿದೆ ನೋಡೋಕೆ? ಹಾಗಾಗಿ ನಾನು ಪಾಲಕ್‌ನಿಂದ ಶುರು ಮಾಡುತ್ತೇನೆ. ಕ್ಲೋರೋಫಿಲ್ ಪಾರ್ಫಿರಿನ್ನಿನ ಹತ್ತಿರದ ನೆಂಟ. ಅದರ ಉಂಗುರದಲ್ಲಿ ಕೂತ ಹರಳು ಮೆಗ್ನೀಸಿಯಂ. ಅದನ್ನು ಎಬ್ಬಿಸಿ ಆ ಜಾಗದಲ್ಲಿ ತಾಮ್ರ ಕೂರಿಸುವುದೇ ಈ ಪ್ರಯೋಗ.

ಒಂದು ಹಿಡಿ ಪಾಲಕ್ ಜಜ್ಜಿ, ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತು ನಿಮಿಷ ನೆನೆಹಾಕಿ ಸೋಸಿ. ಇನ್ನಷ್ಟು ಆಲ್ಕೋಹಾಲ್ ಹಾಕಿ ತೆಳುಮಾಡಿ, ಮೂರು ಟ್ಯೂಬಿಗೆ ಹಂಚಿ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಡಿ. ಹಸಿರು ರಸ ರಕ್ತದಂತೆ ಕೆಂಪಾಗಿ ಹೊಳೆಯುತ್ತದೆ. ತೆಳು ದ್ರಾವಣದಲ್ಲಿ ಕ್ಲೋರೋಫಿಲ್ ಎ ನುಂಗಿದ ನೂರು ಫೋಟಾನ್‌ಗಳಲ್ಲಿ (ಬೆಳಕಿನ ಕಣಗಳಲ್ಲಿ) ಸುಮಾರು ಮೂವತ್ತು ಹೀಗೆ ಬೆಳಕಾಗಿ ವಾಪಸ್ ಬರುತ್ತವೆ.

ಮೊದಲ ಟ್ಯೂಬನ್ನು ಮುಟ್ಟಬೇಡಿ. ಉಳಿದೆರಡಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಎರಡೇ ಹನಿ ಹಾಕಿ. ಹುಳಿ ಬಿದ್ದ ಪಾಲಕ್ ಸಾರಿನ ಹಾಗೆ ಬಣ್ಣ ಕಂದಾಗುತ್ತದೆ. ಮೆಗ್ನೀಸಿಯಂ ಎದ್ದು ಹೋಗಿ ಎರಡು ಹೈಡ್ರೋಜನ್ ಆ ಜಾಗದಲ್ಲಿ ಕೂತಿವೆ. ಇದರ ಹೆಸರು ಫಿಯೋಫೈಟಿನ್. ಯಾವ ತರಂಗಾಂತರದ ಬೆಳಕು ಎಷ್ಟು ನುಂಗಿತೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ನೋಡಿ: 430 ನ್ಯಾನೋಮೀಟರ್ ಹತ್ತಿರದ ಶಿಖರ 410ರ ಕಡೆ ಸರಿದಿರುತ್ತದೆ, 505 ಮತ್ತು 535ರ ಆಸುಪಾಸಿನಲ್ಲಿ ಸಣ್ಣ ದಿಣ್ಣೆಗಳು ಎದ್ದಿರುತ್ತವೆ. ಟಾರ್ಚಿಗೆ ಮಾತ್ರ ಇನ್ನೂ ಕೆಂಪೇ.

ಮೊದಲ ಸಲ ನಾನು ಧಾರಾಳವಾಗಿ ಹತ್ತು ಹನಿ ಆಸಿಡ್ ಸುರಿದಿದ್ದೆ. ಸಂಜೆಯಾದರೂ ತಾಮ್ರ ಒಳಗೆ ಕೂರಲಿಲ್ಲ. ಆಸಿಡ್ ಜಾಸ್ತಿಯಾದರೆ ಹೈಡ್ರೋಜನ್ ಜಾಗ ಬಿಟ್ಟುಕೊಡುವುದಿಲ್ಲ.

ಈಗ ತಾಮ್ರ. ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ನಮ್ಮ ತಿಕೋಟಾ ತೋಟದ ಶೆಡ್ಡಿನಲ್ಲೇ ಇರುತ್ತದೆ, ದ್ರಾಕ್ಷಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದದ್ದು. ‘ದ್ರಾಕ್ಷಿಗಿ ತಂದದ್ದನ್ನ ಪಾಲಕಿಗೆ ಹಾಕ್ತಿಯಲ್ಲೋ ತಮ್ಮಾ’ ಅಂತ ಅಪ್ಪ ನಗುತ್ತಾರೆ. ಚಿಟಿಕೆಯಷ್ಟನ್ನು ವಿನೆಗರ್‌ನಲ್ಲಿ ಕರಗಿಸಿ, ಕೆಲವು ಹನಿ ಮೂರನೇ ಟ್ಯೂಬಿಗೆ ಹಾಕಿ. ಒಲೆ ಆರಿಸಿದ ಮೇಲೆ ಬಿಸಿನೀರಿನಲ್ಲಿ ಅರ್ಧ ಗಂಟೆ ಇಡಿ. ಆಲ್ಕೋಹಾಲ್ ಹತ್ತಿರ ಬೆಂಕಿ ಬೇಡವೇ ಬೇಡ. ಮೈಲುತುತ್ತ ವಿಷ, ಅಡುಗೆ ಪಾತ್ರೆ ಬಳಸಬೇಡಿ.

ಕಂದು ಬಣ್ಣ ಮತ್ತೆ ಹಸಿರಾಗುತ್ತದೆ, ಮೊದಲಿನದಕ್ಕಿಂತ ಚೆಂದದ ಹಸಿರು. ಟಾರ್ಚ್ ಬಿಡಿ. ಏನೂ ಇಲ್ಲ, ಕತ್ತಲೆ. ಹುಡುಗರು ಟಾರ್ಚ್ ಕೆಟ್ಟಿತೆಂದು ತಟ್ಟಿ ನೋಡುವುದು ಇಲ್ಲೇ.

ಬೆಳಕು ನುಂಗುವುದೇನೂ ನಿಂತಿಲ್ಲ, ಇಲ್ಲದಿದ್ದರೆ ಹಸಿರು ಕಾಣುತ್ತಿರಲಿಲ್ಲ ಅಲ್ವಾ? ಬದಲಾದದ್ದು ನುಂಗಿದ ಶಕ್ತಿ ಇಳಿಯುವ ದಾರಿ. ಮೆಗ್ನೀಸಿಯಂ ಅಯಾನಿನಲ್ಲಿ ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿ. ತಾಮ್ರದ ಅಯಾನಿನಲ್ಲಿ ಒಂಬತ್ತು ಡಿ ಎಲೆಕ್ಟ್ರಾನ್ (ಡಿ ಎಂಬ ಕಕ್ಷಕಗಳಲ್ಲಿರುವವು), ಅವುಗಳಲ್ಲಿ ಒಂದು ಒಂಟಿ. ಆ ಒಂಟಿ ಎಲೆಕ್ಟ್ರಾನ್ ಉಂಗುರದ ಎಲೆಕ್ಟ್ರಾನ್‌ಗಳ ಸ್ಪಿನ್ (ಪುಟ್ಟ ಅಯಸ್ಕಾಂತದಂಥ ಗುಣ) ಜೊತೆ ತಳಕು ಹಾಕಿಕೊಂಡು ಅಡ್ಡದಾರಿ ತೆರೆಯುತ್ತದೆ. ಬೆಳಕು ಹೊರಡಲು ಕೆಲವು ನ್ಯಾನೋಸೆಕೆಂಡ್ ಬೇಕು. ಅಷ್ಟರೊಳಗೆ ಶಕ್ತಿ ಆ ದಾರಿ ಹಿಡಿದು, ಕೊನೆಗೆ ಶಾಖವಾಗುತ್ತದೆ.

ನಂಬಿಕೆ ಬರದಿದ್ದರೆ ತಾಮ್ರದ ಬದಲು ಜಿಂಕ್ ಅಸಿಟೇಟ್ ಹಾಕಿ ನೋಡಿ. ಜಿಂಕ್‌ನಲ್ಲಿ ಹತ್ತೂ ಡಿ ಎಲೆಕ್ಟ್ರಾನ್ ಜೋಡಿ. ಅದೂ ಹಸಿರೇ, ಆದರೆ ಕೆಂಪು ಹೊಳಪು ಉಳಿಯುತ್ತದೆ.

ಎಲ್ಲ ಟ್ಯೂಬುಗಳನ್ನೂ ಕಿಟಕಿಯಲ್ಲಿ ಬಿಸಿಲಿಗಿಡಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಮೆಗ್ನೀಸಿಯಂನದು ಬೇಗ ಪೇಲವವಾಗುತ್ತದೆ. ತಾಮ್ರದ್ದು ಇನ್ನೂ ಹಸಿರಾಗಿಯೇ ನಿಂತಿರುತ್ತದೆ.