ಮೂವತ್ತು ಕುರ್ಚಿಗಳ ಮುಂದೆ ನಗೆ ಪಾಡ್‌ಕಾಸ್ಟ್

ಹಾಸ್ಯದ ಪಾಡ್‌ಕಾಸ್ಟಿಗೆ ಎದುರಿಗೆ ಜನ ಬೇಕು. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರೇ ಕೂತು ನಗಿಸಲು ಹೊರಟರೆ ಮಾತು ಬೇಗ ಸೊರಗುತ್ತದೆ. ಹಾಗಂತ ದೊಡ್ಡ ಸಭಾಂಗಣ ಬೇಡ. ಇಪ್ಪತ್ತು, ಮೂವತ್ತು ಮಂದಿ ಸಾಕು, ಪ್ರತಿ ಮುಖವೂ ಕಾಣುತ್ತದೆ. ನಾನು ಮತ್ತು ನನ್ನ ಗೆಳೆಯ ಮಂಗಳೂರಿನಲ್ಲಿ ಇದನ್ನು ಮಾಡುವ ಕ್ರಮ ಹೇಳುತ್ತೇನೆ.

ಎದುರುಬದುರು ಕೂತು ಮಾತಿನಲ್ಲೇ ಜನರನ್ನು ಹಿಡಿಯುವುದು ಕರಾವಳಿಗೆ ಹೊಸತಲ್ಲ. ತಾಳಮದ್ದಳೆ ಅಂದರೆ ಕೂತು ಆಡುವ ಯಕ್ಷಗಾನ, ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಆಗಿಂದಾಗಲೇ ಹೊಳೆದ ಮಾತಿನಲ್ಲಿ ವಾದಕ್ಕೆ ಇಳಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಜನ ನಿದ್ದೆ ಬಿಟ್ಟು ಕೂರುತ್ತಿದ್ದರು. ಪ್ರಸಂಗದ ಕಥೆ ಎಲ್ಲರಿಗೂ ಗೊತ್ತು, ಮಾತು ಮಾತ್ರ ಯಾರಿಗೂ ಗೊತ್ತಿಲ್ಲ. ನಾವು ಅದೇ ದಾರಿ ಹಿಡಿದಿದ್ದೇವೆ. ಒಂದು ಚೀಟಿಯಲ್ಲಿ ವಿಷಯ, ಮುಟ್ಟಲೇಬೇಕಾದ ಮೂರು ನಾಲ್ಕು ಸಂಗತಿ, ಮುಗಿಸುವ ಜಾಗ ಇಷ್ಟೇ ಬರೆದುಕೊಳ್ಳುತ್ತೇವೆ. ಉಳಿದದ್ದು ಜನರ ಮುಂದೆಯೇ ಹುಟ್ಟಬೇಕು.

ದಿನ ಗೊತ್ತು ಮಾಡುವುದು ಇಲ್ಲಿ ದೊಡ್ಡ ಕೆಲಸ. ನವೆಂಬರಿನಿಂದ ಮೇ ತನಕ ಯಕ್ಷಗಾನದ ಆಟ, ದೈವಗಳ ನೇಮ, ಕೋಣ ಓಡಿಸುವ ಕಂಬಳ, ಮದುವೆ ಅಂತ ಒಂದಲ್ಲ ಒಂದು ಇದ್ದೇ ಇರುತ್ತದೆ. ಮೇ 24ರ ಸುಮಾರಿಗೆ ಇವುಗಳ ಕಾಲ ಮುಗಿಯುವ ದಿನ ಪತ್ತನಾಜೆ ಬರುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಜನರ ಸಂಜೆ ಸ್ವಲ್ಪ ಖಾಲಿ. ಹಾಗಾಗಿ ನಮ್ಮದು ಮಳೆಗಾಲದ ಕಾರ್ಯಕ್ರಮ. ಆದರೆ ತಗಡಿನ ಮಾಡಿನ ಕೆಳಗೆ ಬೇಡವೇ ಬೇಡ. ಜುಲೈ ಮಳೆ ಹೊಡೆದರೆ ರೆಕಾರ್ಡಿಂಗಿನಲ್ಲಿ ಮಳೆ ಬಿಟ್ಟು ಬೇರೇನೂ ಇರುವುದಿಲ್ಲ. ಜಾಗ ನೋಡಲು ಮಳೆ ಬರುವಾಗಲೇ ಹೋಗಿ, ಫ್ಯಾನ್ ಹಾಕಿಸಿ ಕೇಳಿ. ಆರೂವರೆಗೆ ಶುರು ಮಾಡಿ ಎಂಟರೊಳಗೆ ಮುಗಿಸುತ್ತೇವೆ. ಸಿಟಿ ಬಸ್ಸಿನಲ್ಲಿ ಬಂದವರು ಗಡಿಯಾರ ನೋಡಲು ಶುರು ಮಾಡಿದರೆ ನಗು ಅಲ್ಲಿಗೇ ನಿಲ್ಲುತ್ತದೆ.

ಕುರ್ಚಿ ಯಾವಾಗಲೂ ಕಡಿಮೆಯೇ ಹಾಕಿ. ಹೆಚ್ಚಿಗೆ ಬಂದರೆ ಆಗ ತಂದರಾಯಿತು. ಐವತ್ತು ಕುರ್ಚಿಯಲ್ಲಿ ಇಪ್ಪತ್ತೈದು ಮಂದಿ ಚದುರಿ ಕೂತರೆ ಒಬ್ಬೊಬ್ಬರಿಗೂ ನಗಲು ಸಂಕೋಚ. ಅದೇ ಜನ ಹೆಗಲಿಗೆ ಹೆಗಲು ತಾಗಿ ಕೂತರೆ ಒಬ್ಬರ ನಗು ಇನ್ನೊಬ್ಬರಿಗೆ ಅಂಟುತ್ತದೆ.

ಮಾತಾಡುವವರಿಗೆ ಡೈನಾಮಿಕ್ ಮೈಕ್ ಒಳ್ಳೆಯದು. ಬಾಯಿಯ ಹತ್ತಿರ ಹಿಡಿದರೆ ಸುತ್ತಲಿನ ಗದ್ದಲ ಅಷ್ಟಾಗಿ ಬರುವುದಿಲ್ಲ. ಜನರ ನಗುವಿಗೆ ಬೇರೆಯೇ ಒಂದು ಮೈಕ್ ಬೇಕು, ಅವರ ಕಡೆಗೇ ತಿರುಗಿಸಿ. ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ತೆಗೆದುಕೊಳ್ಳಿ. ಆಗ ನಗುವನ್ನು ಎಷ್ಟು ಬೇಕೋ ಅಷ್ಟು ಏರಿಸಬಹುದು, ಇಳಿಸಬಹುದು. ಸ್ಪೀಕರ್ ನಮ್ಮ ಮೈಕುಗಳಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಬೇಕು. ಇಲ್ಲದಿದ್ದರೆ ಕುಂಯ್ ಅನ್ನುತ್ತದೆ. ಕರೆಂಟಿನ ಭರವಸೆ ಇಲ್ಲ, ಆದ್ದರಿಂದ ರೆಕಾರ್ಡರ್ ಬ್ಯಾಟರಿಯಲ್ಲೇ ಓಡಲಿ.

ಒಮ್ಮೆ ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬರನ್ನು ಅತಿಥಿಯಾಗಿ ಕರೆದಿದ್ದೆವು. ಐದು ನಿಮಿಷ ಕೂತದ್ದೇ ಕಷ್ಟ, ಎದ್ದು ಬಿಟ್ಟರು. ಚೀಲ ಕಂಕುಳಲ್ಲಿ ಒತ್ತಿಕೊಂಡು, ಕುರ್ಚಿಗಳ ಸಾಲಿನ ನಡುವೆ ಅಡ್ಡಡ್ಡ ನುಸುಳುತ್ತಾ ಟಿಕೆಟ್ ಕೇಳತೊಡಗಿದರು. ಹಿಂದಿನ ಸಾಲಿನ ಅಜ್ಜಿ ನಿಜವಾಗಿಯೂ ಪರ್ಸ್ ತೆಗೆದರು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮನೆಯಲ್ಲಿ ಕೇಳುವವರಿಗೆ ಇದ್ಯಾವುದೂ ಕಾಣುವುದಿಲ್ಲ ಅಲ್ವಾ? ಗೆಳೆಯ ತಕ್ಷಣ ಮೈಕಿನಲ್ಲಿ, "ಅಜ್ಜೀ, ಪರ್ಸ್ ಒಳಗಿಡಿ, ಬಸ್ ಇನ್ನೂ ಹೊರಟಿಲ್ಲ" ಅಂದ. ಆ ಒಂದು ಮಾತಿನಲ್ಲಿ ಕೇಳುಗರಿಗೂ ಚಿತ್ರ ಸಿಕ್ಕಿತು, ಕೋಣೆಯಲ್ಲಿ ಇನ್ನೊಂದು ನಗೆಯೂ ಎದ್ದಿತು. ಕಣ್ಣಿಗೆ ಕಂಡದ್ದನ್ನು ಮಾತಿಗೆ ತರುವುದು ನಮ್ಮಿಬ್ಬರಲ್ಲಿ ಒಬ್ಬನ ಖಾಯಂ ಕೆಲಸ. ಕೊನೆಗೆ ಕಂಡಕ್ಟರ್ "ರೈಟ್ ಪೋಯಿ" (ತುಳುವಿನಲ್ಲಿ ಹೋಗೋಣ) ಅಂತ ವಿಷಲ್ ಊದಿದಾಗ ಮುಖ ಮೈಕಿನಿಂದ ಆಚೆ ತಿರುಗಿತ್ತು. ಹಾಗೆ ಮಾಡಿ ಅಂತ ಮೊದಲೇ ಹೇಳಿಟ್ಟಿದ್ದೆವು.

ರೆಕಾರ್ಡ್ ಆಗುತ್ತಿದೆ ಅಂತ ಬಾಗಿಲಲ್ಲೇ ದೊಡ್ಡದಾಗಿ ಬರೆದು ಹಾಕುತ್ತೇವೆ, ಶುರುವಿನಲ್ಲಿ ಬಾಯಲ್ಲೂ ಹೇಳುತ್ತೇವೆ. ನನ್ನ ಮಾತು ತೆಗೆಯಿರಿ ಅಂತ ಯಾರಾದರೂ ಕೇಳಿದರೆ, ಅದೆಷ್ಟೇ ಚೆನ್ನಾಗಿದ್ದರೂ ತೆಗೆಯಲೇಬೇಕು. ನಂಬಿ ಕೂತವರು ಅವರು.

ಪ್ರಚಾರಕ್ಕೆ ಬಂದರೆ, ಪೋಸ್ಟರಿಗಿಂತ ಹೆಸರು ಹಿಡಿದು ಕರೆದ ಕರೆಗೆ ಬೆಲೆ ಜಾಸ್ತಿ. ಇಷ್ಟು ಸಣ್ಣ ಕೋಣೆ ತುಂಬಲು ಸಾವಿರಾರು ಜನರಿಗೆ ಗೊತ್ತಾಗಬೇಕಿಲ್ಲ. ನಾವು ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸುತ್ತೇವೆ, ಸಾಧ್ಯವಾದರೆ ಫೋನೇ ಮಾಡುತ್ತೇವೆ. "ಬನ್ನಿ ಮಾರಾಯ್ರೆ, ಮನೆಯವರನ್ನೂ ಕರ್ಕೊಂಡು ಬನ್ನಿ" ಅಂದರೆ ಇಬ್ಬರಂತೂ ಬರುತ್ತಾರೆ. ಅತಿಥಿ ಊರಿನವರೇ ಆದರೆ ಅವರ ಕಡೆಯಿಂದಲೂ ಜನ ಬರುತ್ತಾರೆ. ಕಂಡಕ್ಟರ್ ಬಂದ ದಿನ ಡ್ರೈವರುಗಳದೇ ಒಂದು ಸಾಲು ಇತ್ತು.

ಪ್ರವೇಶ ಪುಕ್ಕಟೆ ಇಡಬೇಡಿ. ಸುಮ್ನೆ ಹೆಸರು ಕೊಟ್ಟವರು ಮಳೆ ನೋಡಿ ಮನೆಯಲ್ಲೇ ಉಳಿಯುತ್ತಾರೆ. ಐವತ್ತೇ ರೂಪಾಯಿ ಆದರೂ ಮೊದಲೇ ಯುಪಿಐಯಲ್ಲಿ ಕೊಟ್ಟವರು ಕೊಡೆ ಹಿಡಿದುಕೊಂಡಾದರೂ ಬರುತ್ತಾರೆ. ಆ ಹಣ ಜಾಗದ ಬಾಡಿಗೆಗೆ, ಚಹಾಕ್ಕೆ, ಅತಿಥಿಯ ಗೌರವಧನಕ್ಕೆ. ಅತಿಥಿಗೆ ಮೊದಲು ಕೊಡಬೇಕು, ನಮ್ಮ ಪಾಲು ಆಮೇಲೆ.

ರೀಲ್ಸ್ ಮಾಡುವುದು ಕಾರ್ಯಕ್ರಮ ಮುಗಿದ ಮೇಲೆ. ಅರ್ಧ ನಿಮಿಷದ ತುಣುಕು, ಕೆಳಗೆ ಕನ್ನಡದಲ್ಲಿ ಮಾತು. ಬಸ್ಸಿನಲ್ಲಿ ಸದ್ದು ಮುಚ್ಚಿ ನೋಡುವವರೇ ಹೆಚ್ಚು. ನಡುವೆ ತುಳು ಬಂದರೆ ಅದನ್ನೂ ಕನ್ನಡ ಲಿಪಿಯಲ್ಲೇ ಹಾಕುತ್ತೇವೆ. ತುಣುಕು ಮೊದಲು ಹೋಗುವುದು ಅವತ್ತು ಎದುರಿಗೆ ಕೂತಿದ್ದವರಿಗೆ. ತಮ್ಮದೇ ನಗು ಕೇಳಿಸುತ್ತದಲ್ಲ, ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಾರೆ. ಮುಂದಿನ ಸಲದ ತಾರೀಕು, ಜಾಗ ಅದರ ಕೊನೆಯಲ್ಲೇ ಇರುತ್ತದೆ.