ಮುಖಕ್ಕಿಂತ ಮೊದಲು ಮೂಲೆಗಳು

ವಿದ್ಯಾರ್ಥಿಗಳು ತಾವು ತೆಗೆದ ಭಾವಚಿತ್ರಗಳನ್ನು ಮೇಜಿನ ಮೇಲೆ ಹರಡಿದಾಗ ನಾನು ಮುಖಗಳನ್ನು ಆಮೇಲೆ ನೋಡುತ್ತೇನೆ. ಮೊದಲು ನಾಲ್ಕು ಮೂಲೆಗಳನ್ನು ನೋಡುತ್ತೇನೆ. ಒಂದು ಮೂಲೆಯಲ್ಲಿ ಅರ್ಧ ಕುರ್ಚಿ, ಇನ್ನೊಂದರಲ್ಲಿ ಯಾರದೋ ಮೊಣಕೈ, ತಲೆಯ ಪಕ್ಕದಲ್ಲೇ ಹೊಳೆಯುವ ಸ್ವಿಚ್ ಬೋರ್ಡ್. ಇವು ಕಂಡರೆ, ತೆಗೆದವರು ಮುಖದಲ್ಲೇ ಮುಳುಗಿದ್ದರು, ಚೌಕಟ್ಟಿನ ಕಡೆ ಕಣ್ಣು ಹಾಯಿಸಲೇ ಇಲ್ಲ ಎಂದು ತಿಳಿಯುತ್ತದೆ. ಇದಕ್ಕೆ ಹೊಸ ಕ್ಯಾಮೆರಾ ಮದ್ದಲ್ಲ. ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಾದರೆ ಸಂಯೋಜನೆಯ ಮುಕ್ಕಾಲು ಪಾಲು ಕೈಗೆ ಬಂದಂತೆ. ಹಾಗಾಗಿ ಇಲ್ಲಿ ಕ್ಯಾಮೆರಾದ ಗುಂಡಿಗಳಿಗಿಂತ ನಿಮ್ಮ ಕಾಲುಗಳ ವಿಚಾರವೇ ಹೆಚ್ಚು ಬರುತ್ತದೆ.

ಮೊದಲಿಗೆ ಒಂದೇ ನಾಭಿದೂರಕ್ಕೆ, ಅಂದರೆ ಲೆನ್ಸ್ ಎಷ್ಟು ಅಗಲ ನೋಡುತ್ತದೆ ಎಂದು ಹೇಳುವ ಮಿ.ಮೀ. ಅಂಕಿಗೆ, ಕಟ್ಟುಬೀಳಿ. ಬೆಳಕು ಹಿಡಿಯುವ ಫಲಕ, ಅಂದರೆ ಸೆನ್ಸರ್, ಹಳೆಯ ಫಿಲ್ಮ್ ರೋಲಿನ ಒಂದು ಚಿತ್ರದಷ್ಟು ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ 50 ಮಿ.ಮೀ.; ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದರೆ 35 ಮಿ.ಮೀ. ಲೆನ್ಸ್ ಹೆಚ್ಚುಕಡಿಮೆ ಅದೇ ನೋಟವನ್ನು ಕೊಡುತ್ತದೆ. ಕೈಯಲ್ಲಿರುವುದು ಜೂಮ್ ಲೆನ್ಸ್ ಆದರೆ ಆ ಅಂಕಿಗೆ ತಿರುಗಿಸಿ ಒಂದು ಚೂರು ಟೇಪ್ ಅಂಟಿಸಿಬಿಡಿ. ಮೊಬೈಲ್ ಆದರೆ ಎರಡು ಪಟ್ಟಿನ (2x) ಗುಂಡಿಯನ್ನು ಒತ್ತಿ ಅಲ್ಲಿಗೆ ಬಿಡಿ, ಬೆರಳಿನಿಂದ ಪರದೆಯನ್ನು ಹಿಗ್ಗಿಸಬೇಡಿ. ಕೆಲವು ವಾರ ಹೀಗೆ ನಡೆದರೆ ಕ್ಯಾಮೆರಾ ಎತ್ತುವ ಮೊದಲೇ ಚೌಕಟ್ಟಿನ ಅಂಚು ಎಲ್ಲಿ ಬೀಳುತ್ತದೆ ಎಂದು ಅಂದಾಜು ಸಿಗತೊಡಗುತ್ತದೆ. ಜೂಮ್ ತಿರುಗಿಸುವ ಚಾಳಿ ಇದ್ದವರಿಗೆ ಈ ಅಂದಾಜು ಬೇಗ ಹತ್ತುವುದಿಲ್ಲ.

ಇನ್ನು ಖಾಲಿ ಕುರ್ಚಿಯ ಅಭ್ಯಾಸ. ಇದನ್ನು ಹೇಳಿದ ಕೂಡಲೇ ತರಗತಿಯಲ್ಲಿ ಒಂದಿಬ್ಬರಾದರೂ ಮುಖ ಸಿಂಡರಿಸುತ್ತಾರೆ. ಆದರೂ ಬಿಡುವುದಿಲ್ಲ. ಕೋಣೆಯ ನಡುವೆ ಒಂದು ಕುರ್ಚಿ ಇಡಿ. ಅದರ ಮೇಲೆ ಯಾರೂ ಬೇಡ. ನಿಂತು ಒಂದು, ಮಂಡಿಯೂರಿ ಒಂದು, ಕುರ್ಚಿಯ ಬೆನ್ನಿನ ಎತ್ತರದಿಂದ ಒಂದು, ನೆಲದ ಮಟ್ಟದಿಂದ ಒಂದು, ಹೀಗೆ ತೆಗೆಯುತ್ತಾ ಸುತ್ತಿ ಬನ್ನಿ. ಪ್ರತಿ ಸಲವೂ ಕುರ್ಚಿಯನ್ನು ಬಿಟ್ಟು ಅದರ ಹಿಂದೆ ಏನಿದೆ ಎಂದು ನೋಡಿ. ನೀವು ಅರ್ಧ ಹೆಜ್ಜೆ ಎಡಕ್ಕೆ ಸರಿದು ಕುರ್ಚಿಯನ್ನು ಮತ್ತೆ ಚೌಕಟ್ಟಿನ ನಡುವೆ ತಂದರೆ ಕುರ್ಚಿ ಇದ್ದಲ್ಲೇ ಇರುತ್ತದೆ. ಹಿಂದಿನ ಕಿಟಕಿ, ಕಂಬ, ಬಾಗಿಲಿನ ಅಂಚು ದೂರಕ್ಕೆ ಜಾರುತ್ತವೆ. ಮಂಡಿ ಬಾಗಿಸಿದರೆ ಕಿಟಕಿಯ ಅಡ್ಡಪಟ್ಟಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ನಾಳೆ ಆ ಕುರ್ಚಿಯಲ್ಲಿ ಒಬ್ಬರು ಕುಳಿತಾಗ ಆ ಪಟ್ಟಿ ಅವರ ಕುತ್ತಿಗೆಯನ್ನು ಕತ್ತರಿಸಬಾರದು, ಕಂಬ ನೆತ್ತಿಯಿಂದ ಮೊಳೆಯಬಾರದು. ಹಿನ್ನೆಲೆ ಸರಿಯಿಲ್ಲದಿದ್ದರೆ ಮಸುಕು ಮಾಡಿಬಿಡುತ್ತೇನೆ ಎನ್ನುವವರಿಗೆ ಒಂದು ಮಾತು: ಮಸುಕಾದ ಕಂಬವೂ ಕಂಬವೇ, ಮಸುಕಾದ ಬಿಳಿ ಚೌಕ ಇನ್ನಷ್ಟು ಕಣ್ಣು ಸೆಳೆಯುತ್ತದೆ.

ಮೂರನೇ ಒಂದು ಭಾಗದ ನಿಯಮವನ್ನು ಹಲವರು ಕೇಳಿಯೇ ಇರುತ್ತಾರೆ: ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಭಾಗ ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಇಡುವುದು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲೆಂಡಿನ ಕಲಾವಿದ 1797ರಲ್ಲಿ ಅದನ್ನು ಬರೆದಿಟ್ಟದ್ದು ಭೂದೃಶ್ಯದ ಚಿತ್ರಗಳ ಬಗ್ಗೆ; ಆಗ ಛಾಯಾಗ್ರಹಣ ಹುಟ್ಟಿರಲೂ ಇಲ್ಲ. ಭಾವಚಿತ್ರಕ್ಕೆ ಅದನ್ನು ಕಣ್ಣುಮುಚ್ಚಿ ಹಚ್ಚಬೇಡಿ. ಅದಕ್ಕಿಂತ, ಅಮೆರಿಕದ ಛಾಯಾಗ್ರಾಹಕ ಆರ್ನಾಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತಗಾರ ಇಗೋರ್ ಸ್ಟ್ರಾವಿನ್ಸ್ಕಿಯ ಚಿತ್ರವನ್ನು ಹುಡುಕಿ ನೋಡಿ. ಪಿಯಾನೋದ ಕಪ್ಪು ಮುಚ್ಚಳ ಚಿತ್ರದ ಬಹುಪಾಲನ್ನು ಆಕ್ರಮಿಸಿದೆ, ಸಂಗೀತಗಾರ ಎಡಗಡೆ ಕೆಳಮೂಲೆಯಲ್ಲಿ ಚಿಕ್ಕದಾಗಿ ಕುಳಿತಿದ್ದಾನೆ. ನ್ಯೂಮನ್ ತೆಗೆದ ಮೂಲ ನೆಗೆಟಿವ್‌ನಲ್ಲಿ ಸುತ್ತ ಇನ್ನೂ ಬೇಕಾದಷ್ಟು ಜಾಗವಿತ್ತು. ಅದನ್ನೆಲ್ಲ ಕತ್ತರಿಸಿ ತೆಗೆದ ಮೇಲೆಯೇ ಚಿತ್ರಕ್ಕೆ ಈಗಿನ ಬಿಗಿ ಬಂದದ್ದು. ಒಂದು ಕಾಗದದ ಮೇಲೆ ಆ ಚಿತ್ರದ ಕಪ್ಪು ಮತ್ತು ಬಿಳಿ ಆಕಾರಗಳನ್ನಷ್ಟೇ ಒರಟಾಗಿ ಬರೆದುಕೊಳ್ಳಿ. ಚಿತ್ರ ಬಿಡಿಸಲು ಬಾರದವರೂ ಇದನ್ನು ಮಾಡಬಹುದು, ಮಾಡಲೇಬೇಕು.

ಈಗ ಕುರ್ಚಿಯಲ್ಲಿ ಒಬ್ಬರನ್ನು ಕೂರಿಸೋಣ. ನಿಮಗೂ ಅವರಿಗೂ ನಡುವೆ ಒಂದೂವರೆಯಿಂದ ಎರಡು ಮೀಟರ್ ದೂರವಿರಲಿ. ಇದು ಸುಮ್ಮನೆ ಹೇಳುವ ಅಂಕಿಯಲ್ಲ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಕ್ಯಾಮೆರಾ ಮೂಗಿನಿಂದ 30 ಸೆಂ.ಮೀ. ದೂರದಲ್ಲಿದ್ದರೆ ಕಿವಿ ಅದಕ್ಕಿಂತ ಶೇ 40ರಷ್ಟು ಹೆಚ್ಚು ದೂರದಲ್ಲಿರುತ್ತದೆ. ಹಾಗಾಗಿ ಮೂಗು ಊದಿಕೊಂಡಂತೆ, ಕಿವಿ ಹಿಂದಕ್ಕೆ ಓಡಿಹೋದಂತೆ ಕಾಣುತ್ತದೆ. ಎರಡು ಮೀಟರ್‌ಗೆ ಹೋದರೆ ಅದೇ 12 ಸೆಂ.ಮೀ. ಕೇವಲ ಶೇ 6 ಆಗುತ್ತದೆ, ಮುಖ ನಮಗೆ ಪರಿಚಿತವಾದ ಅಳತೆಗೆ ಮರಳುತ್ತದೆ. ಅಗಲ ನೋಟದ ವೈಡ್ ಲೆನ್ಸ್ ಮುಖವನ್ನು ಕೆಡಿಸುತ್ತದೆ ಎಂದು ಹೇಳುವುದುಂಟು. ಕೆಡಿಸುವುದು ಮುಖ್ಯವಾಗಿ ನೀವು ನಿಂತ ಜಾಗ. ಅದೇ ವೈಡ್ ಲೆನ್ಸ್‌ನಿಂದ ಎರಡು ಮೀಟರ್ ದೂರದಲ್ಲಿ ನಿಂತು ತೆಗೆದು, ಮುಖದ ಭಾಗವನ್ನಷ್ಟೇ ಕತ್ತರಿಸಿ ನೋಡಿ, ಮೂಗು ಸರಿಯಾಗಿಯೇ ಇರುತ್ತದೆ. ಫುಲ್ ಫ್ರೇಮ್‌ನಲ್ಲಿ 85 ಮಿ.ಮೀ. ಲೆನ್ಸ್ ಭಾವಚಿತ್ರಕ್ಕೆ ಹೆಸರಾದದ್ದೂ ಇದೇ ಕಾರಣಕ್ಕೆ: ಕ್ಯಾಮೆರಾವನ್ನು ಲಂಬವಾಗಿ ಹಿಡಿದರೆ ಒಂದೂವರೆ ಮೀಟರ್ ದೂರದಿಂದ ತಲೆ ಮತ್ತು ಭುಜ ಅದರಲ್ಲಿ ಅಚ್ಚುಕಟ್ಟಾಗಿ ತುಂಬುತ್ತವೆ. ಟೇಪ್ ಕಿತ್ತು ಅಂಥ ಲೆನ್ಸ್ ಹಾಕಿಕೊಳ್ಳಲು ಈಗ ಅಡ್ಡಿಯಿಲ್ಲ.

ಬೆಳಕಿಗೆ ಒಂದು ಕಿಟಕಿ ಸಾಕು, ಆದರೆ ಅದರಿಂದ ನೇರ ಬಿಸಿಲು ಬೀಳುತ್ತಿರಬಾರದು. ಕೋಣೆಯ ದೀಪಗಳನ್ನೆಲ್ಲ ಆರಿಸಿ. ಹಗಲಿನ ಬೆಳಕಿಗೂ ಬಲ್ಬಿನ ಬೆಳಕಿಗೂ ಬಣ್ಣ ಬೇರೆ, ಎರಡೂ ಸೇರಿದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಕುಳಿತವರನ್ನು ಕಿಟಕಿಯಿಂದ ಒಂದು ಮೀಟರ್ ಆಸುಪಾಸಿನಲ್ಲಿ, ಬೆಳಕು ಪಕ್ಕದಿಂದ ಬರುವಂತೆ ಕೂರಿಸಿ. ಕ್ಯಾಮೆರಾ ಕೆಳಗಿಡಿ. ಮುಖವನ್ನು ನಿಧಾನವಾಗಿ ಕಿಟಕಿಯತ್ತ ತಿರುಗಿಸುತ್ತಾ ಹೋಗಲು ಹೇಳಿ, ನೀವು ಮೂಗಿನ ನೆರಳನ್ನು ಹಿಂಬಾಲಿಸಿ. ಮೊದಲು ಅರ್ಧ ಮುಖ ಪೂರ್ತಿ ಕತ್ತಲು. ತಿರುಗುತ್ತಾ ತಿರುಗುತ್ತಾ ಒಂದು ಹಂತದಲ್ಲಿ ಆಚೆ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಚಿಕ್ಕ ತ್ರಿಕೋನ ಮೂಡುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರಿನಿಂದ ಕರೆಯುವ ಬೆಳಕು ಇದೇ. ಇನ್ನೂ ತಿರುಗಿದರೆ ತ್ರಿಕೋನ ಒಡೆದು ಮುಖವೆಲ್ಲ ಬೆಳಗುತ್ತದೆ. ಯಾವುದು ಸರಿ ಎಂದು ಕೇಳಬೇಡಿ, ಮುಖವನ್ನು ನೋಡಿ ನಿರ್ಧರಿಸಿ. ಎರಡೂ ಕಣ್ಣುಗಳಲ್ಲಿ ಕಿಟಕಿಯ ಹೊಳಪಿನ ಚುಕ್ಕೆ ಇದೆಯೇ ಎಂಬುದನ್ನು ಮಾತ್ರ ತಪ್ಪದೆ ಗಮನಿಸಿ. ಅದಿಲ್ಲದಿದ್ದರೆ ಕಣ್ಣು ಸತ್ತಂತೆ ಕಾಣುತ್ತದೆ. ನೆರಳು ತೀರಾ ದಟ್ಟವಾದರೆ ಆ ಕಡೆ ಒಂದು ಬಿಳಿ ಡ್ರಾಯಿಂಗ್ ಹಾಳೆ ಹಿಡಿಯಿರಿ. ನೆರಳು ಇನ್ನೂ ಬೇಕೆನಿಸಿದರೆ ಕಪ್ಪು ಬಟ್ಟೆ. ಹೊರಗೆ ನಡುಹಗಲಿನಲ್ಲಿ ತೆಗೆಯಲೇಬೇಕಾದರೆ ನೆರಳಿನ ಅಂಚಿಗೆ, ಬಯಲಿಗೆ ಮುಖ ಮಾಡಿ ನಿಲ್ಲಿಸಿ; ನೆತ್ತಿಯ ಮೇಲಿನ ಬಿಸಿಲು ಕಣ್ಣುಗಳನ್ನು ಗುಳಿಯಾಗಿಸುತ್ತದೆ.

ಕ್ಯಾಮೆರಾದ ಬೆಳಕಿನ ಮಾಪಕ ತಾನು ನೋಡಿದ್ದನ್ನೆಲ್ಲ ಸರಾಸರಿ ಬೂದು ಬಣ್ಣಕ್ಕೆ ತರಲು ಹೊರಡುತ್ತದೆ. ಬಿಳಿ ಗೋಡೆಯ ಮುಂದೆ ಕಂದು ಮುಖವಿದ್ದರೆ ಗೋಡೆ ಬೂದಾಗಿ, ಮುಖ ಕತ್ತಲಾಗುತ್ತದೆ. ಅಂಥಲ್ಲಿ ಎಕ್ಸ್‌ಪೋಷರ್ ಅನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಒಂದು ಸ್ಟಾಪ್ (ಎರಡು ಪಟ್ಟು) ಏರಿಸಿ. ಕಪ್ಪು ಹಿನ್ನೆಲೆ ಇದ್ದರೆ ಇಳಿಸಿ. ಹಣೆ, ಮೂಗಿನ ತುದಿಗಳಲ್ಲಿ ಚರ್ಮದ ವಿವರ ಉಳಿದಿದೆಯೇ ಎಂದು ದೊಡ್ಡದಾಗಿಸಿ ನೋಡಿ. ಚರ್ಮವನ್ನು ಬೆಳ್ಳಗಾಗಿಸುವ ಫಿಲ್ಟರ್‌ಗಳನ್ನು ನನ್ನ ತರಗತಿಯಲ್ಲಿ ನಾನು ಒಪ್ಪುವುದಿಲ್ಲ. ಎದುರಿಗಿದ್ದವರ ಬಣ್ಣವನ್ನು ಇದ್ದಂತೆ ತರುವುದು ಕೌಶಲ, ಬದಲಿಸುವುದಲ್ಲ.

ಫೋಕಸ್ ಹತ್ತಿರದ ಕಣ್ಣಿನ ಮೇಲಿರಲಿ. ಅಪರ್ಚರ್, ಅಂದರೆ ಲೆನ್ಸ್‌ನೊಳಗೆ ಬೆಳಕು ಬರುವ ಕಂಡಿ, ಎಫ್/1.8ರಷ್ಟು ಅಗಲ ತೆರೆಯುತ್ತದೆ ಎಂದ ಮಾತ್ರಕ್ಕೆ ಅದನ್ನೇ ಬಳಸಬೇಕಿಲ್ಲ: ಫುಲ್ ಫ್ರೇಮ್‌ನಲ್ಲಿ 85 ಮಿ.ಮೀ. ಲೆನ್ಸ್, ಒಂದೂವರೆ ಮೀಟರ್ ದೂರ ಎಂದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 3 ಸೆಂ.ಮೀ. ಅಷ್ಟೇ. ಮುಖ ಸ್ವಲ್ಪ ತಿರುಗಿದ್ದರೂ ಎರಡನೇ ಕಣ್ಣು ಕೈತಪ್ಪುತ್ತದೆ. ಕಲಿಯುವಾಗ ಅದಕ್ಕಿಂತ ಕಿರಿದಾದ ಎಫ್/4 ಸಾಕು, ಷಟರ್ ವೇಗ ಸೆಕೆಂಡಿನ 1/125 ಭಾಗಕ್ಕಿಂತ ನಿಧಾನವಾಗದಿರಲಿ.

ಇಷ್ಟನ್ನೂ ಆ ವ್ಯಕ್ತಿ ಬಂದು ಕೂರುವ ಮೊದಲೇ ಗೆಳೆಯರೊಬ್ಬರನ್ನು ಕೂರಿಸಿ ಹೊಂದಿಸಿಕೊಂಡಿರಿ. ಎದುರಿಗೆ ಜನ ಕಾಯುತ್ತಿರುವಾಗ ಕ್ಯಾಮೆರಾದ ಮೆನುವಿನಲ್ಲಿ ತಲೆ ಹುದುಗಿಸಿದರೆ, ಮತ್ತೆ ತಲೆ ಎತ್ತುವಷ್ಟರಲ್ಲಿ ಆ ಮುಖ ಗಟ್ಟಿಯಾಗಿರುತ್ತದೆ. ‘ನಗಿ’ ಎನ್ನಬೇಡಿ, ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ. ನಾನು ಹೇಳುವುದು ಹೀಗೆ: ‘ಕಣ್ಣು ಮುಚ್ಚಿಕೊಳ್ಳಿ, ಉಸಿರು ಪೂರ್ತಿ ಬಿಡಿ, ಈಗ ತೆರೆಯಿರಿ.’ ತೆರೆದ ಕೂಡಲೇ ಒಂದು, ಅದಾಗಿ ಒಂದು ಕ್ಷಣ ಬಿಟ್ಟು ಇನ್ನೊಂದು. ಎರಡನೆಯದೇ ಹೆಚ್ಚಾಗಿ ಗೆಲ್ಲುತ್ತದೆ, ಏಕೆಂದರೆ ಮುಗಿಯಿತು ಎಂದು ಅವರು ಸಡಿಲವಾಗಿರುತ್ತಾರೆ. ಗದ್ದವನ್ನು ತುಸು ಮುಂದಕ್ಕೆ ತಂದು ಚೂರು ಕೆಳಗಿಳಿಸಲು ಹೇಳಿ. ವಿಚಿತ್ರ ಎನಿಸಿದರೂ ಕುತ್ತಿಗೆಯ ಮಡಿಕೆ ಮಾಯವಾಗುತ್ತದೆ. ಕೈಗಳಿಗೆ ಏನಾದರೂ ಕೆಲಸ ಕೊಡಿ: ಪುಸ್ತಕ, ಕನ್ನಡಕ, ಕುರ್ಚಿಯ ತೋಳು. 1941ರ ಡಿಸೆಂಬರ್ 30ರಂದು ಕೆನಡಾದ ಒಟ್ಟಾವಾದಲ್ಲಿ ಛಾಯಾಗ್ರಾಹಕ ಯೂಸುಫ್ ಕಾರ್ಷ್ ಬ್ರಿಟನ್ನಿನ ಆಗಿನ ಪ್ರಧಾನಿ ಚರ್ಚಿಲ್‌ನ ಬಾಯಿಯಿಂದ ಚುಟ್ಟಾ ಕಿತ್ತುಕೊಂಡು ಆ ಸಿಟ್ಟಿನ ಮುಖವನ್ನು ಸೆರೆಹಿಡಿದ ಕಥೆ ಕೇಳಿ ಹುರುಪುಗೊಳ್ಳುವವರಿದ್ದಾರೆ. ದಯವಿಟ್ಟು ನಿಮ್ಮ ಪ್ರಾಂಶುಪಾಲರ ಮೇಲೆ ಅದನ್ನು ಪ್ರಯೋಗಿಸಬೇಡಿ.

ಚೌಕಟ್ಟಿನ ಅಂಚು ಕೀಲುಗಳ ಮೇಲೆ ಬೀಳದಿರಲಿ: ಮಣಿಕಟ್ಟು, ಮೊಣಕೈ, ಮಂಡಿ. ಅಲ್ಲಿ ಕತ್ತರಿಸಿದರೆ ಅಂಗ ತುಂಡಾದಂತೆ ಕಾಣುತ್ತದೆ; ತೋಳಿನ ನಡುವೆ, ತೊಡೆಯ ನಡುವೆ ಆದರೆ ಅಡ್ಡಿಯಿಲ್ಲ. ನೆತ್ತಿಯನ್ನು ಸ್ವಲ್ಪ ಕತ್ತರಿಸಬಹುದು, ಗದ್ದವನ್ನು ಕತ್ತರಿಸಬಾರದು.

ತೆಗೆದ ದಿನವೇ ಆರಿಸಲು ಕೂರಬೇಡಿ. ಮರುದಿನ ಎಲ್ಲವನ್ನೂ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿಸಿ ಒಟ್ಟಿಗೆ ನೋಡಿ. ಆ ಗಾತ್ರದಲ್ಲಿ ಮುಖದ ಮೋಹ ಕಳಚಿ ಆಕಾರಗಳು ಮಾತ್ರ ಉಳಿಯುತ್ತವೆ. ಬಿಟ್ಟುಬಿಡುವ ಪ್ರತಿ ಚಿತ್ರದ ಪಕ್ಕ ಹಿನ್ನೆಲೆ, ದೂರ, ಬೆಳಕು, ಕ್ಷಣ ಈ ನಾಲ್ಕರಲ್ಲಿ ಯಾವುದು ಕೈಕೊಟ್ಟಿತು ಎಂದು ಒಂದು ಪದ ಬರೆಯಿರಿ. ಹೆಚ್ಚು ಸಲ ಬಂದ ಪದವೇ ಮುಂದಿನ ವಾರದ ಪಾಠ. ಕೊನೆಗೆ ಉಳಿದ ಎರಡು ಮೂರನ್ನು ಕುಳಿತವರಿಗೆ ತೋರಿಸಿ, ಬೇರೆಯವರಿಗೆ ತೋರಿಸಬಹುದೇ ಎಂದು ಕೇಳಿ. ಮಕ್ಕಳಾದರೆ ಹೆತ್ತವರನ್ನು ಕೇಳಿ. ‘ಇದು ನನ್ನ ಹಾಗಿಲ್ಲ’ ಎಂದು ಅವರು ಗೊಣಗಿದರೆ ಬೇಸರ ಬೇಡ. ಅವರು ದಿನವೂ ನೋಡುವುದು ಕನ್ನಡಿಯೊಳಗಿನ ಎಡಬಲ ಬದಲಾದ ಮುಖವನ್ನು. ಅದೇ ಚಿತ್ರವನ್ನು ಎಡಬಲ ತಿರುಗಿಸಿ ಒಮ್ಮೆ ತೋರಿಸಿ. ಆಗಲೂ ಬೇಡವೆಂದರೆ ಅದನ್ನು ಪಕ್ಕಕ್ಕಿಟ್ಟು, ಅವರು ಮೆಚ್ಚಿದ್ದನ್ನು ಪ್ರಿಂಟ್ ಹಾಕಿಸಿ ಕೊಡಿ.