ಕಲಬುರಗಿ ಬಿಸಿಲಿಗೆ ಸ್ಪ್ಲಿಟ್ ಎಸಿ ಕೊಳ್ಳುವಾಗ

ಅಂಗಡಿಯವರು ಮೊದಲು ಕೇಳುವುದು ‘ರೂಮು ಎಷ್ಟು ಚದರಡಿ?’ ಎಂದು. 120 ಚದರಡಿಗೆ 1 ಟನ್, 180ರವರೆಗೆ 1.5 ಟನ್ (ಟನ್ ಎಂದರೆ ಇಲ್ಲಿ ತೂಕವಲ್ಲ, ತಂಪು ಮಾಡುವ ಶಕ್ತಿ) ಎಂಬ ಅವರ ಲೆಕ್ಕ ಮೇಲೊಂದು ಮಹಡಿ ಇರುವ ಕೋಣೆಗೆ ಸರಿ. ಕಲಬುರಗಿ, ರಾಯಚೂರು ಕಡೆ ನೇರ ತಾರಸಿಯ ಕೆಳಗಿನ ಕೋಣೆಯಾದರೆ 120 ಚದರಡಿಗೂ 1.5 ಟನ್ನೇ ತಗೊಳ್ಳಿ. ಹಗಲೆಲ್ಲ ಕಾದ ಆರ್‌ಸಿಸಿ ರಾತ್ರಿ ಮಲಗುವ ಹೊತ್ತಿಗೂ ಶಾಖ ಬಿಡುತ್ತಲೇ ಇರುತ್ತದೆ. ತಾರಸಿಗೆ ಬಿಳಿ ಕೂಲ್ ರೂಫ್ ಬಣ್ಣ ಬಳಿಸಿದರೆ ಎಸಿಯ ಹೊರೆ ಎಷ್ಟೋ ಇಳಿಯುತ್ತದೆ. ಆ ಖರ್ಚು ಮೊದಲು ಮಾಡಿ.

ಟನ್ನಿನ ಹೆಸರನ್ನೇ ನಂಬಬೇಡಿ. 1 ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ತಂಪು, 1.5 ಟನ್ನಿಗೆ 5.2ರ ಆಸುಪಾಸು ಬರಬೇಕು. 4.8 ಇರುವುದನ್ನೂ 1.5 ಟನ್ ಎಂದೇ ಮಾರುತ್ತಾರೆ. ಎಸಿಗೆ ಅಂಟಿಸಿದ ಸ್ಟಾರ್ ಲೇಬಲ್ಲಿನಲ್ಲಿ ಈ ತಂಪಿನ ವ್ಯಾಟ್ ಲೆಕ್ಕ ಅಚ್ಚಾಗಿರುತ್ತದೆ, ಓದಿ. ಅದೂ ಹೊರಗೆ 35 ಡಿಗ್ರಿ ಇದ್ದಾಗಿನ ಅಳತೆ. ಮೇ ತಿಂಗಳ 43 ಡಿಗ್ರಿಯಲ್ಲಿ ತಂಪು ಇನ್ನೂ ಇಳಿಯುತ್ತದೆ. 46 ಅಥವಾ 48 ಡಿಗ್ರಿಯಲ್ಲಿ ಎಷ್ಟು ಕೊಡುತ್ತದೆಂದು ಕಂಪನಿಯ ತಾಂತ್ರಿಕ ವಿವರದಲ್ಲಿ ನೋಡಿ.

ಲೇಬಲ್ಲಿನ ವಾರ್ಷಿಕ ಯೂನಿಟ್ 1600 ಗಂಟೆಯ ಬಳಕೆಗೆ. ನೀವು ಬೇಸಿಗೆಯಲ್ಲಿ 100 ದಿನ, ದಿನಕ್ಕೆ 8 ಗಂಟೆ ಹಾಕಿದರೆ 800 ಗಂಟೆ, ಅಂದರೆ ಅರ್ಧ. 3 ಸ್ಟಾರ್, 5 ಸ್ಟಾರ್ ನಡುವೆ ಲೇಬಲ್ಲಿನಲ್ಲಿ 200 ಯೂನಿಟ್ ಅಂತರವಿದ್ದರೆ ನಿಮಗೆ ಉಳಿಯುವುದು 100; ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ 600 ರೂಪಾಯಿ. 5 ಸ್ಟಾರ್‌ಗೆ 8,000 ಹೆಚ್ಚು ಕೇಳಿದರೆ ಅದು ಮರಳಲು 13 ವರ್ಷ ಬೇಕು! ಹಗಲೂ ರಾತ್ರಿ ಓಡಿಸುವವರಿಗೆ ಮಾತ್ರ 5 ಸ್ಟಾರ್. ಬಿಸಿ ಗಾಳಿಯನ್ನೂ ಕೊಡುವ ‘ಹಾಟ್ ಅಂಡ್ ಕೋಲ್ಡ್’ ಮಾದರಿ ಈ ಕಡೆ ದಂಡ. ಕರಾವಳಿಯವರಾದರೆ ಉಪ್ಪುಗಾಳಿಗೆ ತುಕ್ಕು ತಡೆಯುವ ಲೇಪನವಿರುವ ತಾಮ್ರದ ಕಾಯಿಲನ್ನೇ ಕೇಳಿ.

ಒಳ್ಳೆಯ ಎಸಿ ಕೆಡುವುದು ಹೆಚ್ಚಾಗಿ ಕೂರಿಸುವ ದಿನವೇ. ಪೈಪಿನೊಳಗಿನ ಗಾಳಿಯನ್ನು ಗ್ಯಾಸ್ ಬಿಟ್ಟು ಹೊರದಬ್ಬುವುದು ಅವಸರದವರ ಪದ್ಧತಿ. ತೇವ ಒಳಗೇ ಉಳಿದು ಎಣ್ಣೆ ಕೆಡಿಸುತ್ತದೆ, ಕೊನೆಗೆ ಕಂಪ್ರೆಸರ್ ಹೋಗುತ್ತದೆ. ವ್ಯಾಕ್ಯೂಮ್ ಪಂಪ್ ತಂದವರಿಗಷ್ಟೇ ಕೆಲಸ ಕೊಡಿ. ಪೈಪಿನೊಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ (ನಿರ್ವಾತ ಅಳೆಯುವ ಮಾನ) ಕೆಳಗಿಳಿಸಿ, ಪಂಪ್ ನಿಲ್ಲಿಸಿದ ಮೇಲೂ ಮೀಟರ್ ಏರದೆ ನಿಲ್ಲಬೇಕು. ಏರಿದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ತೇವ ಉಳಿದಿದೆ.

ಹೊರಗಿನ ಯೂನಿಟ್ಟನ್ನು ಪಶ್ಚಿಮದ ಗೋಡೆಗೋ ಮುಚ್ಚಿದ ಬಾಲ್ಕನಿಗೋ ಹಾಕಿಸಬೇಡಿ. ಪಶ್ಚಿಮದ ಬಿಸಿಲಿಗೆ ಕಾದೋ, ಮುಚ್ಚಿದ ಕಡೆ ತಾನೇ ಬಿಟ್ಟ ಬಿಸಿಗಾಳಿಯನ್ನು ಮತ್ತೆ ಎಳೆದುಕೊಂಡೋ ಮಧ್ಯಾಹ್ನ ಟ್ರಿಪ್ ಆಗುತ್ತದೆ. ಬೋರ್ಡಿನಿಂದ ಬೇರೆಯೇ ಲೈನು, 4 ಚದರ ಮಿಲಿಮೀಟರ್ ತಾಮ್ರದ ವೈರು, 20 ಆಂಪಿಯರ್ ಸಿ-ಟೈಪ್ ಎಂಸಿಬಿ (ಮೋಟಾರು ಶುರುವಾಗುವಾಗಿನ ಎಳೆತ ತಡೆಯುವ ಸುರಕ್ಷಾ ಸ್ವಿಚ್), ಸರಿಯಾದ ಅರ್ಥಿಂಗ್ ಇರಲಿ. ಸ್ಟೆಬಿಲೈಸರ್ ಬೇಕೇ ಎಂಬುದನ್ನು ಬೇಸಿಗೆ ಸಂಜೆ ಮನೆಯ ವೋಲ್ಟೇಜ್ ಅಳೆದು, ಎಸಿ ತಡೆಯುವ ಮಿತಿಯೊಂದಿಗೆ ಹೋಲಿಸಿ ತೀರ್ಮಾನಿಸಿ.

ಕೆಲಸ ಮುಗಿದ ಮೇಲೆ ನಟ್ಟುಗಳಿಗೆ ಸೋಪಿನ ನೊರೆ ಹಚ್ಚಿಸಿ ಗುಳ್ಳೆ ಏಳುತ್ತದೆಯೇ ನೋಡಿ. ಒಂದು ಚೊಂಬು ನೀರು ಒಳಗಿನ ಟ್ರೇಗೆ ಹಾಕಿಸಿ, ಡ್ರೈನ್ ಪೈಪಿನಿಂದ ತಡೆಯಿಲ್ಲದೆ ಹೊರಬಂದರೆ ಮಾತ್ರ ದುಡ್ಡು ಕೊಡಿ.